ಮುನಾವರ್ ಮಾಸ್ಟರು ಮತ್ತು ಬಾಕಿ ಉಳಿದ ಸುತ್ತು

ನಮ್ಮ ದಂಡು ಪ್ರದೇಶದಲ್ಲಿ ಜಾಝ್ ನೃತ್ಯವೆಂದರೆ ಶ್ರೀ ಮುನಾವರ್ ಮಾಸ್ಟರು. ಇದು ಅಭಿಮಾನದ ಉತ್ಪ್ರೇಕ್ಷೆಯಲ್ಲ. ಅದಕ್ಕಾಗಿ ಮನೆ-ಮಠ ಮರೆತವರು ಇಲ್ಲಿ ಬೇರೆ ಯಾರೂ ಇಲ್ಲ. ಹಗಲು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ಬಟ್ಟೆ ಹೊಲಿದು, ಸಂಜೆ ಹಲಸೂರಿನ ಮರದ ನೆಲದ ಸಭಾಂಗಣದಲ್ಲಿ ಡೆಸ್ಮಂಡ್ ಎಂಬ ಆಂಗ್ಲೋ-ಇಂಡಿಯನ್ ಗುರುಗಳಿಂದ ಅವರು ಈ ವಿದ್ಯೆಯನ್ನು ಪಡೆದರು. ಹೆಜ್ಜೆ ಯಾರಿಂದ ಬಂತೋ ಅವರ ಹೆಸರು ಹೇಳಿ ತಲೆಬಾಗದೆ ಅದನ್ನು ಹಾಕಬಾರದೆಂಬುದು ಆ ಪರಂಪರೆಯ ಕಟ್ಟಳೆ.

೧೯೯೩ರಲ್ಲಿ ಡೆಸ್ಮಂಡ್ ತೀರಿಕೊಂಡಾಗ, ಅವರು ಕಲಿಸುತ್ತಿದ್ದ ನೃತ್ಯದ ಕಡೆಯ ಸುತ್ತು ಬಾಕಿ ಉಳಿಯಿತು. ಮಾಸ್ಟರು ಅದನ್ನು ತಾವಾಗಿ ಕಟ್ಟಲೊಪ್ಪಲಿಲ್ಲ. "ಕೊಟ್ಟೋರಿಲ್ದೆ ತಗೊಂಡ್ರೆ ಅದು ಕಳ್ಳಮಾಲು ಕಣ್ರೀ" ಎನ್ನುತ್ತಿದ್ದರು. ಪ್ರದರ್ಶನಗಳಲ್ಲಿ ನೃತ್ಯ ಅಲ್ಲಿಗೇ ನಿಂತುಬಿಡುತ್ತಿತ್ತು. ಪ್ರೇಕ್ಷಕರು ಕರೆಂಟು ಹೋಯಿತೆಂದು ಗೊಣಗುತ್ತಿದ್ದರು. ಗುರುವಿನ ವಿದ್ಯೆ ತಮ್ಮ ಕಾಲಲ್ಲೇ ಊನವಾಯಿತೆಂಬ ಸಂಕಟ ಮಾಸ್ಟರನ್ನು ಒಳಗೊಳಗೇ ತಿನ್ನುತ್ತಿತ್ತು.

೨೦೦೧ರಲ್ಲಿ ರಾಮಮೂರ್ತಿ ನಗರದ ರಂಜನಾ, ವಿಮಾ ಕಚೇರಿಯ ನೌಕರೆ, ಮೈ ಇಳಿಸಲೆಂದು, ಅದೇ ಸಭಾಂಗಣದಲ್ಲಿ ಮಾಸ್ಟರು ನಡೆಸುತ್ತಿದ್ದ ತರಗತಿಗೆ ಬಂದು ಸೇರಿದರು. ತಾಳಕ್ಕೂ ಅವರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಹಿಂದಿನ ಸಾಲಿನಲ್ಲಿ ಒಬ್ಬರೇ ನಿಲ್ಲುತ್ತಿದ್ದರು. ಆದರೂ ತರಗತಿ ಮುಗಿದ ಮೇಲೂ ಕಾದು ಅವರ ಹೆಜ್ಜೆ ತಿದ್ದಿದ್ದು ಮಾಸ್ಟರ ದೊಡ್ಡತನ. ಒಂದು ಸಂಜೆ, ನೃತ್ಯ ನಿಲ್ಲುವ ಜಾಗದಲ್ಲಿ ಎಲ್ಲರೂ ನಿಂತರು, ರಂಜನಾ ನಿಲ್ಲಲಿಲ್ಲ. ಎಡಭುಜ ಇಳಿಸಿ, ಬಲಗಾಲನ್ನು ತುಸು ಎಳೆದು, ತಿರುಗಿ ಮುಗಿಸಿದರು. ಕಾಲು ಮುರಿದುಕೊಂಡ ಮೇಲೆ ಡೆಸ್ಮಂಡ್ ತಿರುಗುತ್ತಿದ್ದದ್ದು ಹಾಗೆಯೇ. ರಂಜನಾ ಆ ಗುರುಗಳನ್ನು ಎಂದೂ ಕಂಡವರಲ್ಲ.

"ಯಾರಮ್ಮ ಕೊಟ್ರು ಇದನ್ನ?" ಎಂದರು ಮಾಸ್ಟರು.

"ನನ್ನ ಪಕ್ಕದಲ್ಲಿ ನಿಲ್ತಾರಲ್ಲ ಮಾಸ್ಟರ್, ಬಿಳಿ ಷೂ ಹಾಕ್ಕೊಂಡು. ಅವ್ರನ್ನ ನೋಡ್ಕೊಂಡೇ ತಾನೇ ನಾನು ದಿನಾ ಮಾಡೋದು?"

ಪಕ್ಕದಲ್ಲಿ ಯಾರೂ ಇರಲಿಲ್ಲ. ನೆಲ ಮಾತ್ರ, ಯಾರೋ ಕಾಲು ಬದಲಿಸಿ ನಿಂತಂತೆ, ಮೆಲ್ಲಗೆ ಕಿರುಗುಟ್ಟಿತು. ಮಾಸ್ಟರು ಹಿಂದಿನ ಸಾಲಿಗೆ ನಡೆದು, ಆ ಬರಿ ಜಾಗಕ್ಕೆ ತಲೆಬಾಗಿ, "ಇನ್ನೊಂದ್ಸಲ ಸಾರ್" ಎಂದರು. ರಂಜನಾ ಮತ್ತೆ ತಿರುಗಿದರು. ಅವರನ್ನು ನೋಡುತ್ತ ಮಾಸ್ಟರೂ ತಿರುಗಿದರು. ಮುಂದಿನ ಪ್ರದರ್ಶನದಲ್ಲಿ ಡೆಸ್ಮಂಡರ ಹೆಸರಿನ ಜೊತೆಗೆ ಶಿಷ್ಯೆಯ ಹೆಸರನ್ನೂ ಹೇಳಿ, ನೃತ್ಯವನ್ನು ಪೂರ್ತಿ ಕುಣಿದರು.

ಈಗ, ೨೦೦೯ರಲ್ಲಿ, ಮಾಸ್ಟರು ನಿವೃತ್ತರಾಗಿ ತರಗತಿಯನ್ನು ರಂಜನಾ ಅವರಿಗೆ ಒಪ್ಪಿಸುತ್ತಿದ್ದಾರೆ. ಬೀಗದ ಕೈ ತೆಗೆದುಕೊಳ್ಳುವಾಗ ಆಕೆ ಕಣ್ಣೊರೆಸಿಕೊಂಡು, "ಕಲಿಸೋದೇನಾದ್ರೂ ಉಳಿದಿದ್ರೆ ಈಗ್ಲೇ ಕಲಿಸ್ಬಿಡಿ ಮಾಸ್ಟರ್. ಆಮೇಲೆ ಬಂದು ಪಕ್ಕದಲ್ಲಿ ನಿಲ್ಬೇಡಿ" ಎಂದರು. ಮಾಸ್ಟರು ನಕ್ಕರು, ಮಾತು ಕೊಡಲಿಲ್ಲ. ಆದಕಾರಣ ಅವರು ನೂರ್ಕಾಲ ಬಾಳಿ, ಹೊಸ ನೃತ್ಯಗಳನ್ನು ಕಟ್ಟುತ್ತ, ಕಟ್ಟಿದ್ದನ್ನೆಲ್ಲ ಕಣ್ಣೆದುರಿಗೇ ಕಲಿಸಿ ಮುಗಿಸಲೆಂದು ಶಿಷ್ಯರೆಲ್ಲರೂ, ಪ್ರೀತಿಯಿಂದಲೂ ಸ್ವಲ್ಪ ಭಯದಿಂದಲೂ, ಹಾರೈಸುತ್ತಾರೆ.