ಕರ್ರಗೆ ಹೋದ್ರೆ ಹೆದರಬ್ಯಾಡಿ

ಸವಳಂಗದ ಹತ್ತಿರದ ಒಂದು ಹಳ್ಳಿಯಲ್ಲಿ ಸಿದ್ದಲಿಂಗಮ್ಮ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಬಸುರಿಯರಿಗೆ ಐರನ್ ಮಾತ್ರೆ ಕೊಡುವಾಗಲೆಲ್ಲ ಆಕೆ ಹೇಳುತ್ತಿದ್ದುದು ಒಂದೇ ಮಾತು: "ಇದನ್ನ ನುಂಗಿದ್ರೆ ಹೊರಕಡೆ ಕರ್ರಗೆ ಹೋಗ್ತೈತೆ, ಹೆದರಬ್ಯಾಡಿ." ಹೆದರಿ ಮಾತ್ರೆಯನ್ನು ತಿಪ್ಪೆಗೆ ಎಸೆಯುತ್ತಿದ್ದ ಹೆಂಗಸರು ಆ ಮಾತು ನಂಬಿ ನುಂಗಲು ಕಲಿತರು.

ಆಕೆಗೆ ನಲವತ್ತೆಂಟು ವರ್ಷ, ವಿಪರೀತ ಮಂಡಿ ನೋವು. ಮನೆಮನೆ ತಿರುಗುವ ಕೆಲಸದವಳಿಗೆ ಮಂಡಿ ಹಿಡಿಯಿತೆಂದು ಕೂರುವಂತಿರಲಿಲ್ಲ. ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ಬೆಳಿಗ್ಗೆ ಒಂದು, ಸಂಜೆ ಒಂದು ನುಂಗುತ್ತಿದ್ದಳು. ಬೆಳಗಿನದು ಬರೀ ಟೀ ಮೇಲೆ. ಹೀಗೇ ಎರಡು ವರ್ಷ ಕಳೆದಿತ್ತು.

ಮಾರ್ಚ್‌ನಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಆಕೆಯ ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಮುಟ್ಟು ನಿಲ್ಲುವ ವಯಸ್ಸು, ಇದ್ದದ್ದೇ ಎಂದುಕೊಂಡು ತಾನು ಹಂಚುವ ಕೆಂಪು ಐರನ್ ಮಾತ್ರೆಯನ್ನೇ ತಾನೂ ನುಂಗತೊಡಗಿದಳು. ಅಷ್ಟು ರಕ್ತ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಹೊಟ್ಟೆನೋವು ಶುರುವಾಯಿತು. ಉಂಡು ಅರ್ಧ ಗಂಟೆಗೆ ಎದೆಗೂಡಿನ ಕೆಳಗೆ ಯಾರೋ ಬೆರಳಿಟ್ಟು ಒತ್ತಿದಂತೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ ವಾಕರಿಕೆ ಬರುತ್ತಿತ್ತು. ಗಂಡ ಪಂಚಾಕ್ಷರಪ್ಪ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಅವರಿಗೆ ಹಳೆಯ ಅಲ್ಸರ್ ಇತ್ತು. ಹೊತ್ತಿಗೆ ಸರಿಯಾಗಿ ಊಟವಾಗದಿದ್ದರೆ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗುವುದು, ಎರಡು ಬಿಸ್ಕತ್ತು ತಿಂದು ಹಾಲು ಕುಡಿದರೆ ತಣ್ಣಗಾಗುವುದು. ಮನೆಯವರಿಗೆ ಅಲ್ಸರ್ ಎಂದರೆ ಅದು.

ಅವರು ಹೇಳಿದರು, "ಅಲ್ಸರ್ ಆಗಿದ್ರೆ ಉಂಡ ಮ್ಯಾಲೆ ಕಡಿಮೆ ಆಗ್ಬೇಕಿತ್ತು. ನಿಂದು ಉಲ್ಟಾ ಐತೆ. ಬರೀ ಗ್ಯಾಸು, ಜೀರಿಗೆ ನೀರು ಕುಡಿ."

ಆಕೆಯೂ ಒಪ್ಪಿದಳು. ಉಂಡರೆ ತಾನೇ ನೋವು ಎಂದು ಉಣ್ಣುವುದನ್ನೇ ಕಡಿಮೆ ಮಾಡಿದಳು. ರವಿಕೆಗಳು ಸಡಿಲವಾದವು. ಮೇ ಕೊನೆಗೆ ಹೊರಕಡೆ ಮೊದಲಿಗಿಂತ ಕರ್ರಗೆ ಹೋಗತೊಡಗಿತು. ಐರನ್ ಮಾತ್ರೆಯದು ಎಂದು ನೀರು ಹೊಯ್ದು ಎದ್ದು ಬಂದಳು. ನೀರು ಎಷ್ಟು ಹೊಯ್ದರೂ ಅಂಟಿಕೊಂಡೇ ಇರುತ್ತಿತ್ತು. ವಾಸನೆಯೂ ಎಂದಿನದಲ್ಲ. ಆದರೂ ಊರಿಗೆಲ್ಲ ಹೇಳಿದ ಮಾತನ್ನು ತಾನೇ ನಂಬದಿದ್ದರೆ ಹೇಗೆ?

ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಡೆಂಗಿ ಸಮೀಕ್ಷೆ ಬಂತು. ಉಪಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಚನ್ನಗಿರಿ ಕಡೆಯ ನರ್ಸ್ ಆಸ್ಮಾ ಜೊತೆಗಿದ್ದಳು. ಎಂಟನೇ ಮನೆಯಲ್ಲಿ ನೀರಿನ ಡ್ರಮ್ಮಿನೊಳಗೆ ಲಾರ್ವಾ ಇದೆಯೇ ಎಂದು ಬಗ್ಗಿ ನೋಡಿ ತಲೆ ಎತ್ತುವಷ್ಟರಲ್ಲಿ ಸಿದ್ದಲಿಂಗಮ್ಮನ ಕಣ್ಣು ಕಪ್ಪಿಟ್ಟಿತು. ಗೋಡೆ ಹಿಡಿದು ಹಾಗೇ ಕುಸಿದು ಕೂತಳು. ಮೈಯೆಲ್ಲ ತಣ್ಣನೆಯ ಬೆವರು.

ಆಸ್ಮಾ ನಾಡಿ ಹಿಡಿದಳು. ಅದು ಓಡುತ್ತಿತ್ತು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಒಳಗೆ ಸುಣ್ಣದ ಬಿಳುಪು. ಏನೇನು ನುಂಗುತ್ತೀರಿ ಎಂದು ಕೇಳಿ, ನೋವಿನ ಮಾತ್ರೆಯ ವಿಷಯ ತಿಳಿದ ಮೇಲೆ ದನಿ ತಗ್ಗಿಸಿದಳು.

"ಅಕ್ಕಾ, ಹೊರಕಡೆ ಹೆಂಗೆ ಹೋಗ್ತೈತೆ?"

"ಕರ್ರಗೆ. ಐರನ್ ಮಾತ್ರೆದು."

"ಗಟ್ಟಿನೋ, ಡಾಂಬರ್ ಥರ ಅಂಟಂಟೋ?"

ಸಿದ್ದಲಿಂಗಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. "ಅಂಟಂಟು," ಎಂದಳು. "ನಾತಾನೂ ಐತೆ."

ಆಸ್ಮಾ ಮತ್ತೇನೂ ಕೇಳದೆ ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ಶಿವಮೊಗ್ಗದ ದಾರಿಯಲ್ಲಿ ಸಿದ್ದಲಿಂಗಮ್ಮ ವಾಂತಿ ಮಾಡಿಕೊಂಡಳು. ಸೋಸಿ ಉಳಿದ ಟೀ ಪುಡಿಯಂಥದ್ದು. ಗಿರಣಿಯಿಂದ ಹಿಟ್ಟು ಮೆತ್ತಿದ ಅಂಗಿಯಲ್ಲೇ ಬಂದಿದ್ದ ಪಂಚಾಕ್ಷರಪ್ಪ ಅದನ್ನು ನೋಡಿ ಆಕೆಯ ಕೈ ಹಿಡಿದುಕೊಂಡರು.

ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಏರಿಸಿದರು. ಬಾಯಿಂದ ಕೊಳವೆ ಇಳಿಸಿ ನೋಡಿ, ರಕ್ತ ಜಿನುಗುತ್ತಿದ್ದ ಜಾಗವನ್ನು ಮುಚ್ಚಿದರು. ಹೊರಕಡೆ ಅಂಟಂಟಾಗಿ ಕರ್ರಗೆ ಹೋಗುತ್ತಿದ್ದುದು ಆ ರಕ್ತವೇ. ಗಂಡನ ಹುಣ್ಣಿನ ಕಥೆ ಕೇಳಿದ ವೈದ್ಯರು ಇಬ್ಬರದೂ ಅಲ್ಸರೇ ಎಂದು ಪಂಚಾಕ್ಷರಪ್ಪನವರಿಗೆ ಹೇಳಿದರು. ನಿಮ್ಮದು ಬಹುಶಃ ಸಣ್ಣ ಕರುಳಿನ ಬಾಯಲ್ಲಿ, ಅದು ಹಸಿದಾಗ ಉರಿಯುವುದು ಹೆಚ್ಚು. ಇವರದು ಜಠರದೊಳಗೆ, ಅದು ಉಂಡಾಗ ನೋಯುವುದು ಹೆಚ್ಚು. ಎಲ್ಲರಿಗೂ ಹೀಗೇ ಎಂದೇನಿಲ್ಲ, ನೋವಿನ ಮಾತ್ರೆ ನುಂಗುವ ಕೆಲವರಿಗೆ ರಕ್ತ ಹೋಗುವವರೆಗೂ ಏನೂ ಗೊತ್ತಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಜಠರದ ಹುಣ್ಣಿನಲ್ಲಿ ಕ್ಯಾನ್ಸರ್ ಅಡಗಿರಬಹುದೆಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶಕ್ಕೆ ಹತ್ತು ದಿನ ಕಾಯಬೇಕಾಯಿತು. ಆ ದಿನಗಳಲ್ಲಿ ಆಕೆಯನ್ನು ಕಾಡಿದ್ದು ಕ್ಯಾನ್ಸರ್‌ಗಿಂತ ಹೆಚ್ಚಾಗಿ ಹಾಲಮ್ಮಜ್ಜಿ. ಕಳೆದ ಚಳಿಗಾಲದಲ್ಲಿ ಆ ಮುದುಕಿ ಬಾಗಿಲಲ್ಲಿ ನಿಂತು ಕರ್ರಗೆ ಹೋಗುತ್ತಿದೆ ಎಂದು ಹೇಳಿತ್ತು. ಸುಸ್ತಿಗೆಂದು ಐರನ್ ಮಾತ್ರೆ ಕೊಟ್ಟಿದ್ದವಳು ಸಿದ್ದಲಿಂಗಮ್ಮನೇ. ಹೆದರಬ್ಯಾಡಜ್ಜಿ ಎಂದವಳೂ ಅವಳೇ. ಅಜ್ಜಿ ಸೊಂಟಕ್ಕೆ ನೋವಿನ ಮಾತ್ರೆ ನುಂಗುವುದು ಊರಿಗೇ ಗೊತ್ತಿತ್ತು. ಒಂಬತ್ತನೇ ದಿನ ಅಜ್ಜಿ ಬಚ್ಚಲಲ್ಲಿ ಬಿದ್ದು ತೀರಿಕೊಂಡಿತು. ವಯಸ್ಸಾಗಿತ್ತು ಎಂದರು ಜನ.

ಕ್ಯಾನ್ಸರ್ ಇರಲಿಲ್ಲ. ಆದರೂ ಗಾಯ ಮಾಯ್ದಿದೆಯೇ ಎಂದು ಎರಡು ತಿಂಗಳ ಮೇಲೆ ಮತ್ತೆ ಕೊಳವೆ ಇಳಿಸಿ ನೋಡಿದರು, ಮುಚ್ಚಿಕೊಂಡಿತ್ತು. ಪಂಚಾಕ್ಷರಪ್ಪನವರಿಗೂ ಪರೀಕ್ಷೆಯಾಗಿ, ಹೊಟ್ಟೆಯ ರೋಗಾಣುವಿಗೆ ಎರಡು ವಾರದ ಔಷಧ ಕೊಟ್ಟರು. ನೋವಿನ ಮಾತ್ರೆ ಬಿಡಿಸಿದ್ದರಿಂದ ಸಿದ್ದಲಿಂಗಮ್ಮನ ಮಂಡಿ ನೋವು ಹಾಗೇ ಉಳಿಯಿತು. ಕೋಲು ಹಿಡಿದು ನಿಧಾನಕ್ಕೆ ಮನೆಗಳನ್ನು ತಿರುಗತೊಡಗಿದಳು. ಕರ್ರಗೆ ಎಂದವರಿಗೆಲ್ಲ ಈಗ ಇನ್ನೆರಡು ಪ್ರಶ್ನೆ ಕೇಳುತ್ತಿದ್ದಳು: ಅಂಟಂಟೋ, ನೋವಿನ ಮಾತ್ರೆ ನುಂಗುತ್ತೀರೋ ಎಂದು.

ಒಂದು ಮನೆಗೆ ಮಾತ್ರ ಹೋಗಿರಲಿಲ್ಲ. ಗಣೇಶನ ಹಬ್ಬ ಕಳೆದ ಮಾರನೇ ವಾರ ಅಲ್ಲಿಗೂ ಹೋದಳು. ಹಾಲಮ್ಮಜ್ಜಿಯ ಮಗ ರುದ್ರಮುನಿ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದ. ಆಕೆ ನೀರು ಕೂಡ ಮುಟ್ಟದೆ ಎಲ್ಲವನ್ನೂ ಹೇಳಿದಳು. ಅಜ್ಜಿಗೆ ಆದದ್ದು ಇದೇ ಇರಬಹುದು, ಇರಲಿಕ್ಕಿಲ್ಲ, ಈಗ ತಿಳಿಯುವ ದಾರಿಯಿಲ್ಲ ಎಂದಳು. "ಆದ್ರೆ ನಾನು ಅವತ್ತು ಕೇಳ್ಬೇಕಿತ್ತು. ಕೇಳ್ಲಿಲ್ಲ."

ರುದ್ರಮುನಿ ಎಲ್ಲ ಕೇಳಿಸಿಕೊಂಡ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅವ್ವನ ನೋವಿನ ಮಾತ್ರೆ ಇನ್ನೂ ಮನೇಲೈತೆ. ನಮ್ಮನೇಳು ಬೆನ್ನು ನೋವಿಗೆ ಅದನ್ನೇ ನುಂಗ್ತಾಳೆ," ಎಂದು ಒಳಗಿನಿಂದ ಹೆಂಡತಿ ಗಂಗೋತ್ರಿಯನ್ನು ಕರೆದ.

ಗಂಗೋತ್ರಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ತುಟಿಗಳಲ್ಲಿ ಬಣ್ಣವೇ ಇರಲಿಲ್ಲ. ಸಿದ್ದಲಿಂಗಮ್ಮ ಒಂದೊಂದೇ ಕೇಳಿದಳು. ಉಂಡ ಮೇಲೆ ನೋವು ಬರುವುದೇ? ಬರುತ್ತದೆ ಎಂದಳು. ಕರ್ರಗೆ ಹೋಗುವುದೇ? ಆಕೆ ಗಂಡನ ಮುಖ ನೋಡಿ ತಲೆ ತಗ್ಗಿಸಿದಳು.

"ಮೂರು ದಿನ ಆತಕ್ಕ," ಎಂದಳು. "ನಾನು ಐರನ್ ಮಾತ್ರೆ ತಗಳ್ತಿಲ್ಲ."

ಸಿದ್ದಲಿಂಗಮ್ಮ ಆಸ್ಮಾಳಿಗೆ ಫೋನ್ ಮಾಡಿದಳು.