ಬರೀ ಹಸಿರು ತುಂಬಿದ ಬೋರ್ಡು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಬಿಲ್ಲೆ ಮೇಡಂ ಎನ್ನುತ್ತಿದ್ದರು. ಸೋಮವಾರದ ಸಭೆಯ ಬೋರ್ಡಿಗೆ ಅಂಟಿಸುವ ಬಣ್ಣದ ಅಯಸ್ಕಾಂತದ ಬಿಲ್ಲೆಗಳು ಅವಳ ಡಬ್ಬಿಯಲ್ಲಿರುತ್ತಿದ್ದವು. ಹೊಸ ಶಸ್ತ್ರಚಿಕಿತ್ಸಾ ಕೋಣೆ, ಹೊಸ ಅಡುಗೆಮನೆ, ಹೊಸ ಜನರೇಟರ್ ಎಂದು ಅಲ್ಲಿ ಒಟ್ಟೊಟ್ಟಿಗೇ ಆರೇಳು ಕಾಮಗಾರಿ. ಯಾವುದರ ಹಿಂದೆ ಯಾವುದು, ಯಾರಿಗೆ ಯಾವಾಗ ಆಳು ಎಂದು ಹೊಂದಿಸುವುದು ಅವಳ ಕೆಲಸ. ಸುಸೂತ್ರವಾಗಿದ್ದರೆ ಹಸಿರು ಬಿಲ್ಲೆ, ತಡವಾದರೆ ಹಳದಿ, ಕೆಟ್ಟಿದ್ದರೆ ಕೆಂಪು. ಯಾರ ಕೆಲಸವೋ ಅವರೇ ಹಾಕಬೇಕು, ಇನ್ನೊಬ್ಬರದನ್ನು ಮುಟ್ಟುವಂತಿಲ್ಲ.

ನಿಯಮವೇನೋ ಚೆನ್ನಾಗಿತ್ತು. ಆದರೆ ಕೆಂಪು ಹಾಕಿದವನ ಆಳುಗಳನ್ನು ಕಿತ್ತು ಹಸಿರು ಹಾಕಿದವನಿಗೆ ಕೊಡುವುದು ನಿರ್ದೇಶಕರ ಪದ್ಧತಿ. ಓಡುವ ಕುದುರೆಗೇ ಹುರುಳಿ ಎನ್ನುತ್ತಿದ್ದರು. ಒಮ್ಮೆ ಲಾಂಡ್ರಿಯ ಮೇಸ್ತ್ರಿ ಸತ್ಯ ಹೇಳಿ ಕೆಂಪು ಹಾಕಿದ. ಅವನ ಹೊಸ ಲಾಂಡ್ರಿ ಇವತ್ತಿಗೂ ಅರ್ಧ ಗೋಡೆಯಲ್ಲಿ ನಿಂತಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮಿಕ್ಕವರು ಕಲಿತುಕೊಂಡರು. ಅಂದಿನಿಂದ ಬೋರ್ಡು ಎಷ್ಟು ಹಸಿರೆಂದರೆ ದನ ಬಿಟ್ಟರೆ ಮೇಯಬಹುದಿತ್ತು.

ಆ ಸೋಮವಾರ ಬೆಳಿಗ್ಗೆ ಹಿತ್ತಲಿಗೆ ಕ್ರೇನ್ ಬಂದು ನಿಂತಿತ್ತು. ಹಳೆ ಜನರೇಟರನ್ನು ಸಭೆ ಮುಗಿದ ಮೇಲೆ ಎತ್ತಿ ಒಯ್ಯಬೇಕು, ಆ ಜಾಗದಲ್ಲಿ ಶಸ್ತ್ರಚಿಕಿತ್ಸಾ ಕೋಣೆಯ ಅಡಿಪಾಯ. ಹೊಸ ಜನರೇಟರಿನ ಹೊಣೆ ಅವಳ ಭಾವನದು. ಅವನು ಅಲ್ಲಿನ ವಿದ್ಯುತ್ ವಿಭಾಗದ ಮುಖ್ಯಸ್ಥ, ಅಕ್ಕನ ಗಂಡ. ಅಪ್ಪ ಹೋದ ಮೇಲೆ ಅವಳು ಬೆಳೆದದ್ದು ಅವರ ಮನೆಯಲ್ಲೇ. ಸೈಕಲ್ ಹಿಂದೆ ಓಡಿ ಓಡಿ ಕಲಿಸಿದವನು, ಈ ಕೆಲಸಕ್ಕೆ ಅರ್ಜಿ ಹಾಕಿಸಿದವನು ಅವನು. ಜನರೇಟರ್ ಶೆಡ್ಡಿಗೆ ಹೋದಾಗ ಅವಳು ಕಣ್ಣಾರೆ ನೋಡಿದಳು. ಹೊಸ ಯಂತ್ರ ಗುಡುಗುಡು ಓಡಿತು, ಆದರೆ ಪರೀಕ್ಷೆಗೆಂದು ಶೆಡ್ಡಿನ ಲೈನ್ ಕರೆಂಟ್ ತೆಗೆದು ನೋಡಿದರೆ ಅದರಿಂದ ಒಂದು ದೀಪವೂ ಹತ್ತಲಿಲ್ಲ. ಭಾವ ಮತ್ತೆ ಮತ್ತೆ ನೋಡಿದ. ಅದೇ ಕಥೆ.

"ಭಾವ, ಇವತ್ತು ಕೆಂಪು ಹಾಕಿಬಿಡಿ."

"ಹಾಕಿದ್ರೆ ನನ್ನ ಹುಡುಗರನ್ನ ಕಿತ್ಕೋತಾರೆ. ಆಮೇಲೆ ಇದನ್ನ ರಿಪೇರಿ ಮಾಡೋರು ಯಾರು, ನಿಮ್ಮಕ್ಕನಾ?"

"ಹಳೇದನ್ನ ಒಯ್ದ ಮೇಲೆ ಕರೆಂಟ್ ಹೋದ್ರೆ?"

"ಹೋಗಲ್ಲ ಬಿಡು. ಅಷ್ಟರಲ್ಲಿ ಸರಿ ಮಾಡ್ತೀನಿ." ಹೇಳಿದನೇ ಹೊರತು ಅವಳ ಮುಖ ನೋಡಲಿಲ್ಲ. ಮೇಲಿನ ಮಹಡಿಯಲ್ಲಿ ಉಸಿರಾಟದ ಯಂತ್ರಕ್ಕೆ ಜೋಡಿಸಿದ ಎಳೆ ಕೂಸುಗಳಿವೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಭೆಯಲ್ಲಿ ಅವಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಗಿತ್ತು. ಹೇಳಿದರೆ ಸಾಕಿದ ಮನೆಗೆ ದ್ರೋಹ, ಹೇಳದಿದ್ದರೆ ಆ ಕೂಸುಗಳ ಗತಿಯೇನು? ಒಬ್ಬೊಬ್ಬರೇ ಎದ್ದು ಹಸಿರು ಹಾಕಿದರು. ಭಾವನೂ ಹಾಕಿದ. ಅವನ ಕೈ ಬೋರ್ಡಿನ ಮೇಲೆ ಕೊಂಚ ಹೊತ್ತು ತಡೆದಂತೆ ಅವಳಿಗೆ ಕಂಡಿತು. ಕಿಟಕಿಯಾಚೆ ಕ್ರೇನಿನ ಎಂಜಿನ್ ಶುರುವಾಯಿತು.

ಬೋರ್ಡಿನ ಕೊನೆಯ ಸಾಲು ಅವಳದು, ಹೊಂದಾಣಿಕೆಯ ಕೆಲಸದ್ದು. ವರ್ಷಗಳಿಂದ ಅಲ್ಲಿದ್ದ ಹಸಿರು ಬಿಲ್ಲೆಯನ್ನು ಯಾರೂ ನೋಡುತ್ತಲೂ ಇರಲಿಲ್ಲ. ಅವಳು ಎದ್ದು ಅದನ್ನು ತೆಗೆದು ಕೆಂಪು ಹಾಕಿದಳು.

ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡರು. "ಏನಮ್ಮ ಇದು?"

"ನನ್ನ ಕೆಲಸ ಕೆಟ್ಟಿದೆ ಸರ್. ಈ ಬೋರ್ಡ್ ನೋಡಿ ನಾನು ಎಲ್ಲಾ ಹೊಂದಿಸಬೇಕು. ಆದ್ರೆ ಇಲ್ಲಿರೋ ಹಸಿರನ್ನ ನಾನೇ ನಂಬಲ್ಲ."

"ನಂದನ್ನೂ ನಂಬಲ್ವಾ?" ಎಂದರು ಶಸ್ತ್ರಚಿಕಿತ್ಸೆಯ ವೈದ್ಯರು.

ಅವಳು ಯಾರ ಕಡೆಗೂ ನೋಡಲಿಲ್ಲ. ನೋಡಿದ್ದರೆ ಅದೇ ಚಾಡಿಯಾಗುತ್ತಿತ್ತು.

"ಕೆಂಪು ಹಾಕಿದ್ರೆ ಏನಾಗುತ್ತೆ ಗೊತ್ತಲ್ಲ?" ನಿರ್ದೇಶಕರ ದನಿ ತಗ್ಗಿತ್ತು.

"ಗೊತ್ತು ಸರ್. ಕಿತ್ಕೊಳ್ಳೋಕೆ ನನ್ನ ಹತ್ತಿರ ಆಳುಗಳಿಲ್ಲ. ನಾನೊಬ್ಬಳೇ ಇರೋದು."

"ಹಾಗಾದ್ರೆ ನಿಮ್ಮನ್ನೇ ತೆಗೀಬೇಕಾಗುತ್ತೆ."

ಹೊರಗೆ ಸರಪಳಿಯ ಸದ್ದು ಕೇಳಿತು, ಹಳೆ ಯಂತ್ರಕ್ಕೆ ಕೊಕ್ಕೆ ಹಾಕುತ್ತಿದ್ದರು. ಆಗ ಕುರ್ಚಿಯೊಂದು ಹಿಂದೆ ಸರಿಯಿತು. ಭಾವ ಬೋರ್ಡಿನ ಬಳಿ ಹೋಗಿ ತನ್ನ ಹಸಿರನ್ನು ಕಿತ್ತು ಕೆಂಪು ಒತ್ತಿದ.

"ಹೊಸ ಜನರೇಟರ್ ಕೈ ಕೊಟ್ಟಿದೆ ಸರ್. ಕ್ರೇನ್ ನಿಲ್ಲಿಸಿ. ನನ್ನ ಹುಡುಗರನ್ನ ಮಾತ್ರ ಕಿತ್ಕೋಬೇಡಿ."

ನಿರ್ದೇಶಕರೇ ಕಿಟಕಿಗೆ ಹೋಗಿ ಕೈ ಬೀಸಿದರು. ಎಂಜಿನ್ ನಿಂತ ಮೇಲೂ ಅಲ್ಲೇ ಬೆನ್ನು ತಿರುಗಿಸಿ ನಿಂತಿದ್ದರು. ಅಷ್ಟರಲ್ಲಿ ಅಡುಗೆಮನೆಯ ಮುಖ್ಯಸ್ಥೆ ತನ್ನದನ್ನು ಹಳದಿ ಮಾಡಿದಳು. ವೈದ್ಯರು ಗೊಣಗುತ್ತಲೇ ಎದ್ದು ತಮ್ಮದನ್ನು ಕೆಂಪು ಮಾಡಿದರು. ಮಿಕ್ಕವರ ಹಸಿರೂ ಒಂದೊಂದಾಗಿ ಇಳಿಯಿತು. ತಿರುಗಿ ನೋಡಿದಾಗ ನಿರ್ದೇಶಕರಿಗೆ ಹುರುಳಿ ಹಾಕಲು ಕುದುರೆಯೇ ಉಳಿದಿರಲಿಲ್ಲ.

"ವಿದ್ಯುತ್ ಹುಡುಗರು ಅಲ್ಲೇ ಇರಲಿ," ಎಂದರು. "ಅಡುಗೆಮನೆ ಕೆಲಸದಿಂದ ಇಬ್ಬರು ಆಳುಗಳನ್ನೂ ಅಲ್ಲಿಗೇ ಕಳಿಸಿ."

ಭಾವ ತನ್ನ ಟೋಪಿ ತೆಗೆದುಕೊಂಡು ಹೊರಟ. ಬಾಗಿಲ ಬಳಿ ಅವಳು ದಾರಿ ಬಿಟ್ಟು ನಿಂತಳು. ದಿನವೂ ತಲೆಯ ಮೇಲೆ ಮೊಟಕಿ ಹೋಗುತ್ತಿದ್ದವನು ಗುರುತು ಪರಿಚಯವಿಲ್ಲದವನ ಹಾಗೆ ದಾಟಿಹೋದ.

ಕೋಣೆ ಖಾಲಿಯಾಗುವಾಗ ನಿರ್ದೇಶಕರು ಬೋರ್ಡಿನ ಕೊನೆಯ ಸಾಲು ತೋರಿಸಿದರು. "ನಿಮ್ಮ ಕೆಲಸ ಆಯ್ತಲ್ಲಮ್ಮ. ಈಗ ಹಸಿರು ಹಾಕ್ಕೊಳ್ಳಿ."

ಅವಳು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು.

"ಇನ್ನೂ ಇಲ್ಲ ಸರ್," ಎಂದಳು. "ಅಕ್ಕನ ಮನೆಗೆ ಹೋಗಿ ಬಂದು ನೋಡ್ತೀನಿ."