ಗಾಳಿಯನ್ನು ಸುತ್ತಿ ಬಂದ ಭಾವ

ಕಳೆದ ವಾರ ಅಕ್ಕನ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಒಂದು ಹಳೆಯ ನಕ್ಷೆ ಹೊರಬಂತು. ಬೊಂಬಾಯಿಯಿಂದ ಕಣ್ಣಾನೂರಿನವರೆಗೆ ಕಡಲಂಚಿನಲ್ಲಿ ಎಳೆದ ಪೆನ್ಸಿಲ್ ಗೆರೆ, ಅದನ್ನು ಹೊಡೆದುಹಾಕಿದ ಒಂದು ಕಾಟು. ಕಡಲಿನಲ್ಲೊಂದು ವೃತ್ತ. ಅದನ್ನು ದೂರದಿಂದಲೇ ಬಳಸಿ ಹೈದರಾಬಾದಿನ ಮೇಲೆ ಮದ್ರಾಸಿಗೆ ಹೋದ ಇನ್ನೊಂದು ಗೆರೆ. ದೊಡ್ಡ ಊರುಗಳಷ್ಟೇ ಇದ್ದ ಆ ನಕ್ಷೆಯಲ್ಲಿ ಯಾರೋ ಸಣ್ಣದಾಗಿ ‘ಮೂಡಿಗೆರೆ’ ಎಂದು ಬರೆದಿದ್ದರು. ಯಾರೋ ಅಲ್ಲ... ಭಾವನ ಅಕ್ಷರ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಭಾವ ಬೊಂಬಾಯಿಯಲ್ಲಿ ಟಪಾಲು ವಿಮಾನದ ಪೈಲಟ್ಟು; ಟಪಾಲಿನ ಜೊತೆ ಒಬ್ಬಿಬ್ಬರು ಪ್ರಯಾಣಿಕರೂ ಇರುತ್ತಿದ್ದರು. ಮೂಡಿಗೆರೆಯಲ್ಲಿ ನಮ್ಮದು ಜವಳಿ ಅಂಗಡಿ. ನಾನು ಬೇಡವೆಂದರೂ ಅಕ್ಕ ಒಪ್ಪಿ ಮದುವೆಯಾಗಿದ್ದಳು. ಆ ಸಿಟ್ಟಿಗೆ, ‘ನಮ್ಮ ಭಾವ ಆಕಾಶದಲ್ಲಿ ಲಾರಿ ಓಡಿಸ್ತಾರೆ’ ಎಂದು ಗಿರಾಕಿಗಳೆದುರು ಆಡಿಕೊಂಡು ನಗುತ್ತಿದ್ದೆ.

ಒಮ್ಮೆ ರಜೆಗೆ ಬಂದಾಗ ಜಗಲಿಯಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದರು. ಕಡಲಿನಲ್ಲಿ ಚಂಡಮಾರುತ ಎದ್ದರೆ ಬಂದರುಗಳಿಂದ ತಂತಿ ಬರುತ್ತದಂತೆ. ಅದು ಯಾವ ಕಡೆ, ಎಷ್ಟು ಬೇಗ ಸರಿಯುತ್ತಿದೆ ಎಂದು ಗುರುತು ಹಾಕಿಕೊಂಡು ದಾರಿ ಗೊತ್ತುಮಾಡಬೇಕಂತೆ.

“ಎದುರು ಹೋಗಿ ಗೆಲ್ಲಕ್ಕಾಗಲ್ಲ ಮಾರಾಯ. ಕಾಯ್ಬೇಕು, ಇಲ್ಲಾ ಸುತ್ತಿ ಹೋಗ್ಬೇಕು” ಎಂದರು.

“ಅಂದ್ರೆ ಹೆದರ್ಬೇಕು ಅನ್ನಿ.”

“ಹೌದು” ಎಂದು ನಕ್ಕರು. “ಹಿಂದೆ ಕೂತಿರೋರ ಪರವಾಗಿ ನಾನೇ ಹೆದರ್ಬೇಕು.”

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಅವ್ವನಿಗೆ ನ್ಯುಮೋನಿಯಾ ಆಯಿತು. ಹೊಸ ಮಾತ್ರೆಯೊಂದು ಬಂದಿದೆ, ಬೊಂಬಾಯಿಯಲ್ಲಿ ಸಿಗುತ್ತದೆ, ಕೂಡಲೇ ತರಿಸಿ ಎಂದರು ಡಾಕ್ಟರು. ಅವರು ಬರೆದುಕೊಟ್ಟ ಚೀಟಿ ಹಿಡಿದು ತಂತಿ ಆಫೀಸಿಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದೆ. ಭಾವನನ್ನು ಊರೆಲ್ಲ ಆಡಿಕೊಂಡವನು ಈಗ ಅವರ ಮುಂದೆಯೇ ಕೈಯೊಡ್ಡುವುದು ಹೇಗೆ? ಜ್ವರ ತಾನೇ, ಇಳಿದೀತು... ಅಂದುಕೊಂಡೆ.

“ತಂತಿ ಕೊಟ್ಯಾ ಮಗ?” ಎಂದು ಅವ್ವ ಕೇಳಿದಳು.

ಹೂಂ ಎಂದೆ. ನಿಜವಾಗಿ ಕೊಟ್ಟದ್ದು ಎರಡು ದಿನ ಬಿಟ್ಟು, ಅವಳಿಗೆ ಉಸಿರಾಡುವುದೇ ಕಷ್ಟವಾದ ಮೇಲೆ.

ಮರುತಂತಿ ಬಂತು: ಔಷಧಿ ಸಿಕ್ಕಿದೆ, ಕರಾವಳಿಯಲ್ಲಿ ಚಂಡಮಾರುತ, ಹೊರಡುವುದು ಒಂದು ದಿನ ತಡ. ಅವ್ವ ಅಷ್ಟು ಕಾಯಲಿಲ್ಲ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಭಾವ, ಅಕ್ಕ ಇಬ್ಬರೂ ಬಂದರು. ಮದ್ರಾಸಿನವರೆಗೆ ವಿಮಾನ, ಕಡೂರಿನವರೆಗೆ ರೈಲು, ಆಮೇಲೆ ಸಿಕ್ಕಿದ ಬಸ್ಸು. ಭಾವನ ಕಣ್ಣು ಕೆಂಪಗಾಗಿತ್ತು. ಜೇಬಿನಿಂದ ಮಾತ್ರೆಯ ಶೀಶೆ ತೆಗೆಯುತ್ತಿದ್ದರು. ಜಗಲಿ ತುಂಬ ಕೂತಿದ್ದ ನೆಂಟರೆದುರು ನಾನು ಹೇಳಿಬಿಟ್ಟೆ:

“ಗಾಳಿಗೆ ಹೆದರಿ ಒಂದು ದಿನ ಕೂತ್ರಲ್ಲ ಭಾವ, ಆ ಒಂದು ದಿನ ನಮ್ಮವ್ವನ್ನ ತಿಂತು.”

“ತಂತಿ ಕೈಗೆ ಸಿಕ್ಕ ಕೂಡ್ಲೆ ನಾನು...” ಎಂದವರು ಶೀಶೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ತಲೆ ತಗ್ಗಿಸಿದರು. ಪಕ್ಕದಲ್ಲಿ ಅಕ್ಕ, ಆರು ತಿಂಗಳ ಬಸುರಿ, ಕಂಬ ಹಿಡಿದು ನಿಂತಿದ್ದಳು. ಆ ವಿಮಾನದಲ್ಲಿ ಹಿಂದೆ ಕೂತು ಬಂದವಳು ಅವಳೇ. ಅವ್ವನ ಮುಖ ಕೊನೆಗೊಮ್ಮೆ ಅವಳಿಗೆ ಕಾಣದಂತೆ ಮಾಡಿದವನು ನಾನು. ಅದು ಗೊತ್ತಿದ್ದೂ ಸುಮ್ಮನಿದ್ದೆ.

ಭಾವ ಮತ್ತೆಂದೂ ಮೂಡಿಗೆರೆಗೆ ಬರಲಿಲ್ಲ. ಅವರು ತೀರಿಕೊಂಡಾಗ ಅಂಗಡಿಯ ನೆಪ ಹೇಳಿ ನಾನೂ ಹೋಗಲಿಲ್ಲ. ಈ ವರ್ಷ ಅಕ್ಕನೂ ಹೋದಳು. ಅವಳ ಟ್ರಂಕು ತಂದುಕೊಟ್ಟವನು ಅವಳ ಮಗ.

ಊಟ ಮಾಡುತ್ತಾ ಅವನು ಹೇಳಿದ: “ಅಜ್ಜಿ ಹೋಗಿದ್ದು ತನ್ನಿಂದ್ಲೇ ಅಂತ ಅಪ್ಪ ಕೊನೆವರೆಗೂ ಕೊರಗ್ತಿದ್ರು ಮಾವ. ನಿಮಗೆ ಮುಖ ತೋರಿಸಕ್ಕಾಗಲ್ಲ ಅಂತಿದ್ರು.”

ಅಲ್ಲಪ್ಪ, ತಡ ಮಾಡಿದವನು ನಾನು ಎನ್ನಬೇಕಿತ್ತು. ಕೇಳಿಸಿಕೊಳ್ಳಲು ಈಗ ಉಳಿದಿರುವವನು ಅವನೊಬ್ಬನೇ.

“ಇನ್ನೊಂಚೂರು ಸಾರು ಹಾಕಿಸ್ಕೋ” ಎಂದೆ.

ನಿನ್ನೆ ಅವನು ಊರಿಗೆ ಹೊರಟ. ಬಸ್ಸು ಹೊರಡುವವರೆಗೂ ಅವನ ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ. ಹೇಳಲಿಲ್ಲ.